ಬೀಟ್‌ರೂಟ್ ಹಾಕಿದರೆ ಸೋಪು ಗುಲಾಬಿ ಆಗುತ್ತದಾ?

ಅಕ್ಕಾ, ರಜೆಯಲ್ಲಿ ಮಕ್ಕಳ ಜೊತೆ ಬಣ್ಣಬಣ್ಣದ ಸೋಪು ಮಾಡಬೇಕು, ಬೀಟ್‌ರೂಟ್, ದಾಸವಾಳ, ಅರಿಶಿನ ಹಾಕಬಹುದಾ ಅಂತ ಕೇಳಿದ್ದೀರಿ. ಸೋಪು ಆಗುತ್ತದೆ. ಆದರೆ ಆ ಬಣ್ಣ ನಿಲ್ಲುವುದಿಲ್ಲ.

ಎಣ್ಣೆ ಸೋಪಾಗಲು ಕಾಸ್ಟಿಕ್ ಸೋಡಾ ಬೇಕೇ ಬೇಕು. ಬಣ್ಣ ಕೆಡಿಸೋದು ಅದೇ. ಆರತಿಗೆ ಓಕುಳಿ ಮಾಡುವಾಗ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದ ಕೂಡಲೇ ಕೆಂಪಾಗುತ್ತದೆ ಅಲ್ವಾ? ಸುಣ್ಣದ ಹಾಗೇ ಕಾಸ್ಟಿಕ್ ಕೂಡ ಕ್ಷಾರ, ಇಲ್ಲೂ ಅದೇ ಕಥೆ. ಅರಿಶಿನ ಮೊದಲು ಕೆಂಪಾಗಿ, ಸೋಪು ಒಣಗುತ್ತಾ ಕಿತ್ತಳೆ-ಹಳದಿಗೆ ತಿರುಗುತ್ತದೆ, ಬಿಸಿಲು ತಾಗಿದರೆ ಮಾಸುತ್ತದೆ. ಬೀಟ್‌ರೂಟ್ ಕಂದು ಬಣ್ಣಕ್ಕೆ ತಿರುಗುತ್ತದೆ. ದಾಸವಾಳವೂ ಕೆಂಪಾಗಿ ಉಳಿಯುವುದಿಲ್ಲ. ರಂಗೋಲಿ ಪುಡಿ, ಹೋಳಿ ಬಣ್ಣ ಮಾತ್ರ ಬೇಡವೇ ಬೇಡ, ಅವು ಮೈಗೆ ಹಚ್ಚುವ ಸೋಪಿಗೆ ಮಾಡಿದ್ದಲ್ಲ.

ಮಕ್ಕಳ ಜೊತೆಗಾದರೆ ರೆಡಿ ಸೋಪ್ ಬೇಸ್ ತಗೊಳ್ಳಿ. ಕಾಸ್ಟಿಕ್ ಕೆಲಸ ಅದರಲ್ಲಿ ಆಗಲೇ ಮುಗಿದಿರುತ್ತದೆ. ತುಂಡು ಮಾಡಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಕುದಿಸಬೇಡಿ. ಬಣ್ಣಕ್ಕೆ ಸೋಪಿಗಂತಲೇ ಸಿಗುವ ಮೈಕಾ (ಅಭ್ರಕದ ಹೊಳೆಯುವ) ಪುಡಿ ಹಾಕಿ. ಕೇಕಿನ ದ್ರವ ಬಣ್ಣ ಹಾಕಿದರೆ ಎರಡು ಪದರದ ಸೋಪಿನಲ್ಲಿ ಒಂದರ ಬಣ್ಣ ಇನ್ನೊಂದಕ್ಕೆ ಹರಡುತ್ತದೆ. ಮೈಕಾ ಹಾಗೆ ಹರಡಲ್ಲ, ಆದರೆ ಬೇಸ್ ತುಂಬಾ ಬಿಸಿ ಇದ್ದರೆ ತಳಕ್ಕೆ ಕೂರುತ್ತದೆ. ಸ್ವಲ್ಪ ದಪ್ಪ ಆಗುವ ತನಕ ಕಲಕಿ ಆಮೇಲೆ ಅಚ್ಚಿಗೆ ಸುರಿಯಿರಿ.

ಪದರ ಬೇಕಿದ್ದರೆ ಮೊದಲನೆಯದರ ಮೇಲೆ ಕೆನೆ ಕಟ್ಟಿದಾಗ ಐಸೊಪ್ರೊಪೈಲ್ ಆಲ್ಕೊಹಾಲ್ (ಸ್ಯಾನಿಟೈಸರಿನಲ್ಲಿ ಇರುವಂಥ ಸ್ಪಿರಿಟ್) ಸ್ಪ್ರೇ ಮಾಡಿ ಎರಡನೆಯದನ್ನು ಹಾಕಿ. ಸ್ಪ್ರೇ ಬಿಟ್ಟರೆ ಪದರಗಳು ಬಿಚ್ಚಿಕೊಳ್ಳುತ್ತವೆ. ಸ್ಟೌ ಹತ್ತಿರ ಮಾತ್ರ ಸ್ಪ್ರೇ ಬೇಡ, ಬೆಂಕಿ ಹತ್ತುತ್ತದೆ. ಗಟ್ಟಿಯಾದ ಮೇಲೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಡಿ. ಬೇಸಿನಲ್ಲಿರುವ ಗ್ಲಿಸರಿನ್ ಗಾಳಿಯ ತೇವ ಎಳೆಯುತ್ತದೆ, ಬೆಂಗಳೂರಿನ ಮಳೆಗಾಲದಲ್ಲಂತೂ ಸೋಪು ಬೆವರುತ್ತಾ ಕೂರುತ್ತದೆ. ಹಾಲು, ಹಣ್ಣಿನ ರಸ ಹಾಕಬೇಡಿ, ಬೂಷ್ಟು ಬರುತ್ತದೆ.

ಕೈ ಪಳಗಿದ ಮೇಲೆ ಎಣ್ಣೆಯಿಂದ ಮಾಡಿ, ಆಗ ಮಕ್ಕಳು ಅಡುಗೆಮನೆಯಲ್ಲಿ ಇರಬಾರದು. ತೆಂಗಿನೆಣ್ಣೆ 200 ಗ್ರಾಂ, ಅಕ್ಕಿ ತೌಡಿನ ಎಣ್ಣೆ 250, ಹರಳೆಣ್ಣೆ 50. ಇದಕ್ಕೆ ಶುದ್ಧ ಕಾಸ್ಟಿಕ್ ಸೋಡಾ 71 ಗ್ರಾಂ, ನೀರು 142 ಗ್ರಾಂ. ಎಣ್ಣೆ ಬದಲಾದರೆ ಈ ಲೆಕ್ಕವೂ ಬದಲಾಗುತ್ತದೆ, ಅದಕ್ಕೆ ಇಂಟರ್ನೆಟ್ಟಿನಲ್ಲಿ ಕಾಸ್ಟಿಕ್ ಲೆಕ್ಕ ಹಾಕಿಕೊಡುವ ಸೋಪ್ ಕ್ಯಾಲ್ಕುಲೇಟರ್ ನೋಡಿ. ಎಲ್ಲವನ್ನೂ ತಕ್ಕಡಿಯಲ್ಲೇ ತೂಗಿ, ಲೋಟದ ಅಳತೆ ನಡೆಯಲ್ಲ. ಸಿಂಕ್ ಕ್ಲೀನರ್ ಪ್ಯಾಕೆಟ್ ಆಗಲ್ಲ, ಅದರಲ್ಲಿ ಬೇರೆ ಏನೇನೋ ಸೇರಿಸಿರುತ್ತಾರೆ.

ನೀರಿಗೆ ಕಾಸ್ಟಿಕ್ ಹಾಕಿ, ಕಾಸ್ಟಿಕ್‌ಗೆ ನೀರು ಯಾವತ್ತೂ ಹಾಕಬೇಡಿ, ಉಕ್ಕಿ ಮೇಲೆ ಹಾರುತ್ತದೆ. ಕನ್ನಡಕ, ಕೈಗವಸು, ತುಂಬು ತೋಳು ಇರಲಿ, ಕಿಟಕಿ ತೆರೆದಿರಲಿ. ಅಲ್ಯೂಮಿನಿಯಂ ಡಬರಿ ಮುಟ್ಟಲೇಬೇಡಿ, ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ. ಸ್ಟೀಲ್ ಸಾಕು. ಮೈಗೆ ಸಿಡಿದರೆ ವಿನೆಗರ್ ಹುಡುಕುತ್ತಾ ಕೂರದೆ ನಲ್ಲಿ ಬಿಟ್ಟು ತುಂಬಾ ಹೊತ್ತು ತೊಳೆಯಿರಿ. ಕಣ್ಣಿಗೆ ಬಿದ್ದರೆ ಹಾಗೇ ತೊಳೆದು ಸೀದಾ ಆಸ್ಪತ್ರೆಗೆ ಹೋಗಿ.

ಬೆಚ್ಚಗೆ ಮಾಡಿದ ಎಣ್ಣೆ, ಕಾಸ್ಟಿಕ್ ನೀರು ಎರಡೂ 40 ಡಿಗ್ರಿ ಆಸುಪಾಸಿಗೆ ಇಳಿದಾಗ ಬೆರೆಸಿ ಹ್ಯಾಂಡ್ ಬ್ಲೆಂಡರ್ ಆಡಿಸಿ. ಮಿಶ್ರಣ ತೆಳು ಗಂಜಿಯ ಹದಕ್ಕೆ ಬಂದಾಗಲೇ ಬಣ್ಣ ಸೇರಿಸಿ. ಬಣ್ಣದ ಪುಡಿಯನ್ನು ಮೊದಲು ಒಂದು ಚಮಚ ಎಣ್ಣೆಯಲ್ಲಿ ಕದಡಿಕೊಳ್ಳಿ, ಇಲ್ಲದಿದ್ದರೆ ಗಂಟು ಗಂಟಾಗಿ ಕಾಣುತ್ತದೆ. ಕಾಸ್ಟಿಕ್ ತಡೆಯುವ ಬಣ್ಣ ಅಂದರೆ ಐರನ್ ಆಕ್ಸೈಡ್, ಅಲ್ಟ್ರಾಮರೀನ್ ನೀಲಿ, ಇದ್ದಿಲ ಪುಡಿ. ಸಸ್ಯದ ಬಣ್ಣವೇ ಬೇಕೆಂದರೆ ಗಾಂಧಿ ಬಜಾರಿನ ಗ್ರಂಧಿಗೆ ಅಂಗಡಿಯಲ್ಲಿ ಮಂಜಿಷ್ಠ ಬೇರಿನ ಪುಡಿ ಕೇಳಿ, ಒಳ್ಳೆ ಮಣ್ಣುಗುಲಾಬಿ ಬರುತ್ತದೆ. ನನಗೆ ಅದೇ ಇಷ್ಟ. ವೆನಿಲಾ ಪರಿಮಳ ಹಾಕಿದರೆ ಮಾತ್ರ ಸೋಪು ಕಂದು ಬಣ್ಣಕ್ಕೆ ತಿರುಗುತ್ತದೆ.

ಅಚ್ಚಿಗೆ ಸುರಿದು ಒಂದೆರಡು ದಿನ ಬಿಟ್ಟು ಕತ್ತರಿಸಿ, ನಾಲ್ಕರಿಂದ ಆರು ವಾರ ಗಾಳಿಯಾಡುವ ನೆರಳಲ್ಲಿ ಒಣಗಿಸಿ. ದಸರಾಗೆ ಯಾರಿಗಾದರೂ ಕೊಡಬೇಕೆಂದಿದ್ದರೆ ಆಗಸ್ಟಿನಲ್ಲೇ ಅಚ್ಚಿಗೆ ಸುರಿದುಬಿಡಿ.