ಬೆಸುಗೆ ಹಾಕಿದ ಬೋರ್ಡಿನಲ್ಲಿ ದೀಪವೇ ಹೊತ್ತುತ್ತಿಲ್ಲ: ದೋಷ ಹುಡುಕುವುದು ಎಲ್ಲಿಂದ?

ಪ್ರಶ್ನೆ: ನಮ್ಮದು ಸಕಲೇಶಪುರದ ಹತ್ತಿರ ತೋಟದ ಮನೆ. ಮೇಲಿನ ಟ್ಯಾಂಕ್ ತುಂಬಿದೊಡನೆ ಮೋಟಾರ್ ತಾನಾಗಿ ನಿಲ್ಲಲೆಂದು ಒಂದು ಸರ್ಕ್ಯೂಟ್ ಮಾಡಿದ್ದೇನೆ. 12 ವೋಲ್ಟ್, 1 ಆಂಪಿಯರ್ ಅಡಾಪ್ಟರ್, ಒಂದು 1ಎನ್4007 ಡಯೋಡ್, 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವ 7805 ರೆಗ್ಯುಲೇಟರ್, ಸಾಕೆಟ್ಟಿನಲ್ಲಿ ಕೂರಿಸಿದ 28 ಕಾಲಿನ ಅಟ್‌ಮೆಗಾ 328ಪಿ ಚಿಪ್ ಮತ್ತು ಮೋಟಾರಿಗೆ ಸ್ವಿಚ್ಚಿನಂತೆ ಕೆಲಸ ಮಾಡುವ ಒಂದು ರಿಲೇ ಇವೆ. ಬೆಸುಗೆಯಿಲ್ಲದೆ ಬಿಡಿಭಾಗ ಸಿಕ್ಕಿಸಿ ನೋಡುವ ಬ್ರೆಡ್‌ಬೋರ್ಡಿನಲ್ಲಿ ಚೆನ್ನಾಗಿಯೇ ನಡೆಯುತ್ತಿತ್ತು. ರಂಧ್ರಗಳ ಸಾಲಿರುವ ಡಾಟ್ ಬೋರ್ಡಿಗೆ ಬೆಸುಗೆ ಹಾಕಿದ ಮೇಲೆ ಎಲ್‌ಇಡಿ ಕೂಡ ಹೊತ್ತುತ್ತಿಲ್ಲ. ಪಿನ್ ಸಿಕ್ಕಿಸಿದ ಕೂಡಲೇ ಅಡಾಪ್ಟರಿನ ದೀಪ ಮಿಣುಕತೊಡಗುತ್ತದೆ. ಹಾರ್ಡ್‌ವೇರ್ ಅಂಗಡಿಯ ಪೇಸ್ಟ್ ಹಚ್ಚಿ ಎಲ್ಲ ಬೆಸುಗೆಗಳನ್ನೂ ಎರಡು ಸಲ ಕರಗಿಸಿ ನೋಡಿದ್ದೇನೆ. ಚಿಪ್ ಸುಟ್ಟಿರಬಹುದೇ? ಹೊಸ ಬೋರ್ಡ್ ಮಾಡಬೇಕೇ?

ಉತ್ತರ: ಹೊಸ ಬೋರ್ಡ್ ಮಾಡಬೇಕಾಗಿಲ್ಲ, ಆದರೆ ಇನ್ನೊಮ್ಮೆ ಬೆಸುಗೆ ಕರಗಿಸಲು ಹೋಗಬೇಡಿ. ನಿಮ್ಮ ಪತ್ರದಲ್ಲಿ ಅತ್ಯಂತ ಮುಖ್ಯವಾದ ಮಾತು ಅಡಾಪ್ಟರಿನ ದೀಪ ಮಿಣುಕುತ್ತದೆ ಎಂಬುದು. ಈಗಿನ ಅಡಾಪ್ಟರುಗಳು ತಮ್ಮ ಶಕ್ತಿಗೆ ಮೀರಿದ ಕರೆಂಟ್ ಹರಿದರೆ ತಾವಾಗಿ ನಿಂತು, ಅರೆಕ್ಷಣ ಬಿಟ್ಟು ಮತ್ತೆ ಪ್ರಯತ್ನಿಸುತ್ತವೆ. ಹೊರಗಿನಿಂದ ನೋಡುವವರಿಗೆ ಅದೇ ಮಿಣುಕಿನಂತೆ ಕಾಣುತ್ತದೆ. ಎಂದರೆ ನಿಮ್ಮ ಬೋರ್ಡಿಗೆ ವಿದ್ಯುತ್ ತಲುಪುತ್ತಿಲ್ಲ ಎಂದಲ್ಲ, ಪ್ಲಸ್ಸಿನಿಂದ ಮೈನಸ್ಸಿಗೆ ಎಲ್ಲೋ ಅಡ್ಡದಾರಿ ಹಿಡಿದು ಹರಿದುಹೋಗುತ್ತಿದೆ. ಡ್ರೈ ಸೋಲ್ಡರ್, ಅಂದರೆ ಸರಿಯಾಗಿ ಹಿಡಿಯದ ಬೆಸುಗೆ, ಇದ್ದಿದ್ದರೆ ಅಡಾಪ್ಟರಿನ ದೀಪ ಸ್ಥಿರವಾಗಿ ಉರಿದು ಬೋರ್ಡ್ ಮಾತ್ರ ಸುಮ್ಮನಿರುತ್ತಿತ್ತು. ಡ್ರೈ ಸೋಲ್ಡರಿಗೆ ಮದ್ದಾಗಬಹುದಾದ ಮರುಬೆಸುಗೆ ಶಾರ್ಟ್‌ಗೆ ಮದ್ದಲ್ಲ. ಒಂದೊಂದು ಸಲ ಕರಗಿಸಿದಾಗಲೂ ಲೆಡ್ (ಬೆಸುಗೆಯ ಲೋಹ) ಇನ್ನಷ್ಟು ಹರಡಿ ಪಕ್ಕದ ಪ್ಯಾಡಿಗೆ ತಾಗುವ ಸಾಧ್ಯತೆ ಹೆಚ್ಚುತ್ತದೆ, ಅಗ್ಗದ ಡಾಟ್ ಬೋರ್ಡಿನ ತಾಮ್ರದ ಪ್ಯಾಡುಗಳು ಕಾದು ಕಿತ್ತು ಬರುತ್ತವೆ. ಅಳತೆ ಮಾಡುವ ಮೊದಲು ಐರನ್ ಹಿಡಿಯುವ ಅವಸರದಲ್ಲೇ ಒಳ್ಳೆಯ ಬೋರ್ಡುಗಳು ಹಾಳಾಗುತ್ತವೆ ಎಂಬುದನ್ನು ರಿಪೇರಿ ಮೇಜಿನ ಮೇಲೆ ಮತ್ತೆ ಮತ್ತೆ ಕಂಡು ಬೇಸರಪಟ್ಟವನಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಮೊದಲು ರಿಲೇಗೆ ಬಂದಿರುವ 230 ವೋಲ್ಟಿನ ತಂತಿಗಳನ್ನು ಪೂರ್ತಿ ಬಿಡಿಸಿ ದೂರವಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಚಿಪ್ಪನ್ನು ಸಾಕೆಟ್ಟಿನಿಂದ ಮೆಲ್ಲನೆ ಎಬ್ಬಿಸಿ ತೆಗೆಯಿರಿ. ಅಡಾಪ್ಟರ್ ಸಿಕ್ಕಿಸದೆ, ಮಲ್ಟಿಮೀಟರನ್ನು 200 ಓಮ್ ಸ್ಥಾನದಲ್ಲಿಟ್ಟು 7805ರ ಇನ್‌ಪುಟ್ ಕಾಲು ಮತ್ತು ಗ್ರೌಂಡ್ ನಡುವೆ, ಆಮೇಲೆ ಔಟ್‌ಪುಟ್ ಕಾಲು ಮತ್ತು ಗ್ರೌಂಡ್ ನಡುವೆ ಅಳೆಯಿರಿ. ಬೀಪ್ ಸದ್ದನ್ನು ನಂಬಬೇಡಿ, ಅನೇಕ ಮೀಟರುಗಳು ಮೂವತ್ತು ನಲವತ್ತು ಓಮ್ ಇದ್ದರೂ ಕೂಗುತ್ತವೆ. ಕೆಪಾಸಿಟರ್ ಚಾರ್ಜ್ ಆಗುವವರೆಗೆ ಅಂಕಿ ಕೆಳಗಿದ್ದು ಕ್ರಮೇಣ ಏರಿದರೆ ಅದು ಸಹಜ. ಒಂದೆರಡು ಓಮ್‌ನಲ್ಲೇ ಕದಲದೆ ನಿಂತರೆ ಆ ಬದಿಯಲ್ಲಿ ಶಾರ್ಟ್ ಇದೆ. ಚಿಪ್ ಇದ್ದಾಗ ಮಾತ್ರ ಹೀಗಾಗಿ, ತೆಗೆದ ಮೇಲೆ ಸರಿಹೋದರೆ ಅನುಮಾನ ಚಿಪ್ಪಿನ ಮೇಲೆಯೇ ಹೋಗಬೇಕು.

ಇನ್ನು ಕಣ್ಣಿನ ಕೆಲಸ. ಡಾಟ್ ಬೋರ್ಡಿನ ರಂಧ್ರಗಳ ನಡುವೆ 2.54 ಮಿಲಿಮೀಟರ್ ಅಂತರವಿದ್ದರೂ ಪ್ಯಾಡುಗಳ ಅಂಚುಗಳ ನಡುವೆ ಉಳಿಯುವುದು ತೀರಾ ಕಡಿಮೆ ಜಾಗ. 7805ರ ಕಾಲುಗಳು ಅಕ್ಕಪಕ್ಕದ ರಂಧ್ರಗಳಲ್ಲೇ ಕೂರುವುದರಿಂದ ಕೂದಲೆಳೆಯಷ್ಟು ಲೆಡ್ ಸಾಕು. ಬೋರ್ಡಿನ ಹಿಂದೆ ಮೊಬೈಲಿನ ಟಾರ್ಚ್ ಹಿಡಿದು, ಫೋನಿನ ಕ್ಯಾಮೆರಾದಿಂದ ದೊಡ್ಡದು ಮಾಡಿ ನೋಡಿದರೆ ಇಂಥ ಸೇತುವೆ ಬೇಗ ಕಣ್ಣಿಗೆ ಬೀಳುತ್ತದೆ. ಎಲೆಕ್ಟ್ರೋಲೈಟಿಕ್ ಕೆಪಾಸಿಟರಿನ ಮೈಮೇಲಿನ ಪಟ್ಟೆ ಮೈನಸ್ ಕಾಲಿನದು. ಅದು ತಿರುಗಿದ್ದರೂ ಕರೆಂಟ್ ಸೋರುತ್ತದೆ, ಕೆಪಾಸಿಟರ್ ಬಿಸಿಯಾಗಿ ಉಬ್ಬುತ್ತದೆ. 7805ರ ಬೆನ್ನಿನ ಲೋಹದ ತಗಡು ಗ್ರೌಂಡ್‌ಗೇ ಸೇರಿದ್ದೆಂಬುದನ್ನು ಮರೆತು ಪ್ಲಸ್ ತಂತಿಯನ್ನು ಅದಕ್ಕೆ ತಾಗುವಂತೆ ಬಿಡುವುದೂ ಉಂಟು.

ಬ್ರೆಡ್‌ಬೋರ್ಡಿನಲ್ಲಿ ನಡೆದದ್ದು ಇಲ್ಲಿ ಕೆಡಲು ಇನ್ನೊಂದು ಕಾರಣವೂ ಇರಬಹುದು. ಬೆಸುಗೆ ಹಾಕುವಾಗ ಬೋರ್ಡನ್ನು ಮಗುಚುತ್ತೇವೆ, ಆಗ ಎಡ ಬಲವಾಗುತ್ತದೆ. 7805ರ ಅಕ್ಷರಗಳು ನಮ್ಮ ಕಡೆಗಿದ್ದು ಕಾಲುಗಳು ಕೆಳಗಿದ್ದಾಗ ಎಡದಿಂದ ಇನ್‌ಪುಟ್, ಗ್ರೌಂಡ್, ಔಟ್‌ಪುಟ್. ಗ್ರೌಂಡ್ ನಡುವೆಯೇ ಇರುವುದರಿಂದ ಮಗುಚಿದಾಗ ಇನ್‌ಪುಟ್ ಔಟ್‌ಪುಟ್ ಅದಲುಬದಲಾದರೂ ನೋಟಕ್ಕೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಚಿಪ್ಪಿನ ಸಾಕೆಟ್ಟಿಗೂ ಇದೇ ಗತಿ. 7 ಮತ್ತು 20ನೇ ಕಾಲುಗಳು ಪ್ಲಸ್ಸಿಗೆ, 8 ಮತ್ತು 22ನೇ ಕಾಲುಗಳು ಗ್ರೌಂಡ್‌ಗೆ ಸೇರಿವೆಯೇ ಎಂದು ಬಿಡಿಭಾಗಗಳಿರುವ ಮೇಲ್ಬದಿಯಿಂದಲೇ, ಸಾಕೆಟ್ಟಿನ ತೂತುಗಳಲ್ಲಿ ಎಣಿಸಿ ಪರೀಕ್ಷಿಸಿ. 7ನೆಯದೂ 8ನೆಯದೂ ಅಕ್ಕಪಕ್ಕದಲ್ಲೇ ಇರುವುದರಿಂದ ಅವೆರಡರ ನಡುವೆ ಸೇತುವೆ ಕಟ್ಟಿದ್ದರೆ ಅದೊಂದೇ 5 ವೋಲ್ಟನ್ನು ಪೂರ್ತಿ ಶಾರ್ಟ್ ಮಾಡಬಲ್ಲದು.

ಕಣ್ಣಿಗೆ ಏನೂ ಸಿಗದಿದ್ದರೆ ಬೈಕಿನ ಇಂಡಿಕೇಟರಿನ 12 ವೋಲ್ಟ್, 10 ವ್ಯಾಟಿನ ಬಲ್ಬ್ ಒಂದನ್ನು ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ತಂದು ಅಡಾಪ್ಟರಿನ ಪ್ಲಸ್ ತಂತಿಯಲ್ಲಿ ಸರಣಿಯಾಗಿ ಸೇರಿಸಿ. ಬೋರ್ಡಿನಲ್ಲಿ ಪೂರ್ಣ ಶಾರ್ಟ್ ಇದ್ದರೂ ಬಲ್ಬು ತಾನು ಉರಿದು, ಹರಿಯುವ ಕರೆಂಟನ್ನು ಸುಮಾರು 0.8 ಆಂಪಿಯರಿಗೆ ಹಿಡಿದಿಡುತ್ತದೆ; ಅಡಾಪ್ಟರ್ ಮಿಣುಕುವುದು ನಿಂತು ನಿಮಗೆ ಹುಡುಕಲು ಸಮಯ ಸಿಗುತ್ತದೆ. ಬಲ್ಬು ಹೊತ್ತುವ ಮುನ್ನ ತಣ್ಣಗಿರುವ ತಂತು ಹೆಚ್ಚು ಕರೆಂಟ್ ಎಳೆಯುವುದರಿಂದ ಮೊದಲ ಒಂದೆರಡು ಮಿಣುಕು ಬಂದರೆ ಗಾಬರಿ ಬೇಡ; ಮಿಣುಕು ನಿಲ್ಲದೇ ಹೋದರೆ 5 ವ್ಯಾಟಿನ ಬಲ್ಬ್ ಹಾಕಿ. ಈಗ ಮೀಟರನ್ನು 200 ಮಿಲಿವೋಲ್ಟಿಗೆ ತಿರುಗಿಸಿ, ಕಪ್ಪು ಪ್ರೋಬನ್ನು ಅಡಾಪ್ಟರಿನ ಪಿನ್ ಸಿಕ್ಕಿಸುವ ಜಾಕಿನ ಮೈನಸ್ ಕಾಲಿಗೆ ಒತ್ತಿ ಹಿಡಿದು, ಕೆಂಪನ್ನು ಡಯೋಡಿನಿಂದ ಆಚೆಗಿನ ಪ್ಲಸ್ ತಂತಿಯ ಗುಂಟ ಪ್ಯಾಡಿನಿಂದ ಪ್ಯಾಡಿಗೆ ಸರಿಸುತ್ತ ಹೋಗಿ. ಶಾರ್ಟ್‌ನ ಕಡೆಗೆ ಸಾಗಿದಂತೆ ಅಂಕಿ ಇಳಿಯುತ್ತದೆ, ಅದನ್ನು ದಾಟಿದ ಮೇಲೆ ಕರೆಂಟೇ ಹರಿಯದ ತಂತಿಯಾದ್ದರಿಂದ ಅಂಕಿ ಬದಲಾಗುವುದಿಲ್ಲ. ಇಳಿಯುವುದು ಎಲ್ಲಿ ನಿಂತಿತೋ ಅಲ್ಲಿ ಭೂತಕನ್ನಡಿ ಹಿಡಿಯಿರಿ. ನನ್ನ ಅನುಭವದಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಖಚಿತವಾಗಿ ಜಾಗ ತೋರಿಸುವ ವಿಧಾನ ಬೇರೊಂದಿಲ್ಲ.

ಪೇಸ್ಟಿನ ವಿಷಯವನ್ನು ಹಗುರವಾಗಿ ಬಿಡಲಾರೆ. ಹಾರ್ಡ್‌ವೇರ್ ಅಂಗಡಿಯ ಅನೇಕ ಪೇಸ್ಟುಗಳು ಕೊಳಾಯಿ ಮತ್ತು ತಗಡಿನ ಕೆಲಸದವು; ಅವುಗಳಲ್ಲಿರುವ ಜಿಂಕ್ ಕ್ಲೋರೈಡ್ ತಾಮ್ರವನ್ನು ತಿನ್ನುತ್ತದೆ, ಮೇಲಾಗಿ ಗಾಳಿಯ ತೇವವನ್ನು ಹೀರಿಕೊಂಡು ವಿದ್ಯುತ್ತಿಗೆ ದಾರಿಯಾಗುತ್ತದೆ. ಬಯಲುಸೀಮೆಯಲ್ಲಿ ಇದು ಕೆಲಕಾಲ ಸುಮ್ಮನಿದ್ದರೂ ಇದ್ದೀತು, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ನಿಮ್ಮ ಸಕಲೇಶಪುರದಲ್ಲಿ ಹಾಗೆ ಬಿಟ್ಟ ಬೋರ್ಡ್ ಹೆಚ್ಚು ದಿನ ಬಾಳದು. ಚಿಪ್ ಹೊರಗಿರುವಾಗಲೇ ಬೆಸುಗೆಯ ಬದಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬೆಚ್ಚಗಿನ ನೀರಿನಲ್ಲಿ ಉಜ್ಜಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆದು, ಹೇರ್ ಡ್ರೈಯರಿನ ಹದ ಬಿಸಿಯಲ್ಲಿ ಪೂರ್ತಿ ಒಣಗಿಸಿ. ಮುಂದೆ ಒಳಗೇ ರಾಳ ತುಂಬಿರುವ 60/40 ಬೆಸುಗೆ ತಂತಿಯನ್ನೇ ಬಳಸಿ. ಅದು ಸುಮಾರು 190 ಡಿಗ್ರಿ ಸೆಲ್ಸಿಯಸ್‌ನೊಳಗೆ ಪೂರ್ತಿ ಕರಗುತ್ತದೆ, ಪ್ರತ್ಯೇಕ ಪೇಸ್ಟ್ ಬೇಕಾಗುವುದಿಲ್ಲ.

ಶಾರ್ಟ್ ಹೋದ ಮೇಲೂ ಬೋರ್ಡಿನ ದೀಪ ಹೊತ್ತದಿದ್ದರೆ ಆಗ ಡ್ರೈ ಸೋಲ್ಡರ್ ಹುಡುಕುವ ಸರದಿ. ಪ್ರೋಬನ್ನು ಲೆಡ್ಡಿನ ಗುಂಡಿನ ಮೇಲಲ್ಲ, ಬಿಡಿಭಾಗದ ಕಾಲಿನ ಮೇಲೆ ಇಡಿ. ಲೆಡ್ ಹಿಡಿದಿದ್ದು ಕಾಲು ಹಿಡಿಯದಿರುವುದೇ ದೋಷ. ಡಿಸಿ ಜಾಕನ್ನೂ ನೋಡಿ. ಅದರ ಮೂರನೆಯ ಕಾಲು ಪಿನ್ ಇಲ್ಲದಾಗ ಮಾತ್ರ ಮೈನಸ್ಸಿಗೆ ತಾಗಿರುತ್ತದೆ, ಪಿನ್ ತೂರಿಸಿದೊಡನೆ ಬೇರ್ಪಡುತ್ತದೆ. ಗ್ರೌಂಡ್ ತಂತಿಯನ್ನು ತಪ್ಪಿ ಅದಕ್ಕೆ ಬೆಸೆದರೆ ಮೀಟರಿನಲ್ಲಿ ಎಲ್ಲವೂ ಸರಿ, ಕರೆಂಟ್ ಕೊಟ್ಟರೆ ಏನೂ ಇಲ್ಲ.

ಕೊನೆಗೆ ನಿಮ್ಮ ಚಿಪ್ಪಿನ ಪ್ರಶ್ನೆ. ಶಾರ್ಟ್ 12 ವೋಲ್ಟಿನ ಬದಿಯಲ್ಲಿದ್ದರೆ ಚಿಪ್ಪಿಗೆ ವೋಲ್ಟೇಜ್ ತಲುಪಿಯೇ ಇರುವುದಿಲ್ಲ, ಆದ್ದರಿಂದ ಅದು ಉಳಿದಿರುವ ಸಾಧ್ಯತೆಯೇ ಹೆಚ್ಚು. ರೆಗ್ಯುಲೇಟರ್ ತಿರುಗಿ ಕೂತಿದ್ದರೆ ಮಾತ್ರ ಈ ಭರವಸೆ ಕೊಡಲಾರೆ. ಬೋರ್ಡಿಗೆ ಹಾಕುವ ಮೊದಲು ಅದನ್ನು ಹಳೆಯ ಬ್ರೆಡ್‌ಬೋರ್ಡಿನಲ್ಲೇ ಓಡಿಸಿ ನೋಡಿ. ಇತ್ತ ಖಾಲಿ ಬೋರ್ಡಿಗೆ ಬಲ್ಬಿನ ಮೂಲಕ ಕರೆಂಟ್ ಕೊಟ್ಟು, ಬಲ್ಬ್ ಹೊತ್ತದೆ, ಡಯೋಡಿನ ನಂತರ 11.3ರ ಆಸುಪಾಸು, ಸಾಕೆಟ್ಟಿನ 7 ಮತ್ತು 8ನೇ ತೂತುಗಳ ನಡುವೆ 4.8ರಿಂದ 5.2 ವೋಲ್ಟಿನೊಳಗೆ ಬಂದರೆ ಅಡಾಪ್ಟರ್ ತೆಗೆದು, ಚಿಪ್ಪಿನ ಕಚ್ಚು ಸಾಕೆಟ್ಟಿನ ಕಚ್ಚಿನ ಕಡೆಗೇ ಇರುವಂತೆ ಕೂರಿಸಿ.