ಜೋಗ ನೋಡಿದ್ರೆ ಶಿವಮೊಗ್ಗ ಜಿಲ್ಲೆ ಮುಗೀತಾ?

ಪತ್ರ: ಸಂಪಾದಕರೇ, ದಸರಾ ರಜೆಗೆ ಆರು ದಿನ ಕಾರ್ ಮಾಡ್ಕೊಂಡು ಫ್ಯಾಮಿಲಿ ಸಮೇತ ಕರ್ನಾಟಕ ಸುತ್ತಬೇಕು ಅಂತಿದೀವಿ. ಹಂಪಿ, ಬಾದಾಮಿ, ಪಟ್ಟದಕಲ್ಲು, ಬಿಜಾಪುರ, ಬೇಲೂರು, ಹಳೇಬೀಡು, ಸೋಮನಾಥಪುರ, ಮೈಸೂರು, ಕೊನೇಗೆ ಮಡಿಕೇರಿ. ನಮ್ಮ ಕಡೆ ಜೋಗ ನೋಡಿಯಾಗಿದೆ, ಇನ್ನೇನೂ ಇಲ್ಲ. ನೀವು ಬರೀ ಹಾಳು ಗುಡಿ, ಕೋಟೆ ಅಂತ ಬರೀತೀರ, ಒಂದು ಒಳ್ಳೆ ಟೂರ್ ಪ್ಲಾನ್ ಹಾಕಿ.
(ಓದುಗರೊಬ್ಬರು, ಭದ್ರಾವತಿ)

ಉತ್ತರ: ರಜಾ ಸಿಕ್ರೆ ಸಾಕು ಗೋವಾ ಅನ್ನೋರ ಮಧ್ಯೆ ನೀವು ಮಕ್ಕಳನ್ನ ಕರ್ಕೊಂಡು ನಮ್ಮ ರಾಜ್ಯ ನೋಡೋಕೆ ಹೊರಟಿದೀರಲ್ಲ, ಅದು ನಿಜಕ್ಕೂ ಖುಷಿ ವಿಷ್ಯ. ನೀವು ಹೇಳಿದ ಜಾಗಗಳ ಬಗ್ಗೆ ತಕರಾರೇ ಇಲ್ಲ. ಹಂಪಿ 1986ರಲ್ಲಿ, ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ವು, ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ. ಜೀವಮಾನದಲ್ಲಿ ಒಮ್ಮೆಯಾದ್ರೂ ನೋಡ್ಲೇಬೇಕು. ರಜೆ ಸಿಗೋದು ಎಷ್ಟು ಕಷ್ಟ ಅನ್ನೋದೂ ಗೊತ್ತು.

ಆದ್ರೆ ಮಾರಾಯ್ರೆ, ಆರು ದಿನಕ್ಕೆ ಒಂಬತ್ತು ಊರಾ? ಬಿಜಾಪುರದಿಂದ ಬೇಲೂರಿಗೇ 400 ಕಿಲೋಮೀಟರಿಗೂ ಜಾಸ್ತಿ ಆಗುತ್ತೆ, ಆ ದಿನ ಪೂರ್ತಿ ಮಕ್ಕಳು ನೋಡೋದು ಟೋಲ್ ಗೇಟು ಮತ್ತು ಡಾಬಾ, ಸಂಜೆ ಹೋಗಿ ಇಳಿಯೋವಾಗ ವಾಂತಿ ಮಾಡ್ಕೊಂಡು ಸುಸ್ತಾಗಿರ್ತಾರೆ, ನೀವು ಗುಡಿ ಎದುರು ನಿಲ್ಸಿ ಒಂದು ಫೋಟೋ ತೆಗೀತೀರ, ಮತ್ತೆ ಕಾರ್ ಹತ್ತಿ ಅಂತೀರ.

ನನಗೆ ಬೇಜಾರಾಗಿದ್ದು ಅದಕ್ಕಲ್ಲ, "ನಮ್ಮ ಕಡೆ ಇನ್ನೇನೂ ಇಲ್ಲ" ಅಂತ ಬರೆದ್ರಲ್ಲ ಅದಕ್ಕೆ. ಹೊಯ್ಸಳರ ಗುಡಿ ನೋಡೋಕೆ ಬೇಲೂರಿಗೆ ಹೋಗ್ತಿದೀರ, ಸಂತೋಷ. ನಿಮ್ಮ ಭದ್ರಾವತಿಯ ಲಕ್ಷ್ಮೀನರಸಿಂಹ ದೇವಸ್ಥಾನ ಯಾರ ಕಾಲದ್ದು ಅಂದ್ಕೊಂಡಿದೀರ? ಅದೂ ಹೊಯ್ಸಳರದ್ದೇ, ಮೂರು ಗರ್ಭಗುಡಿಯ ತ್ರಿಕೂಟ. ಆರತಿ ತಗೊಂಡು, ತೀರ್ಥ ಕುಡಿದು ವಾಪಸ್ ಬರ್ತೀವೇ ಹೊರತು ಹೊರಗೋಡೆ ಸುತ್ತ ನಿಧಾನಕ್ಕೆ ಒಂದು ಸುತ್ತು ಹಾಕಿದೋರು ಎಷ್ಟು ಜನ ಇದೀವಿ? ಅಲ್ಲಿಂದ ಕೂಡ್ಲಿ ಎಷ್ಟು ದೂರ ಮಹಾ. ತುಂಗೆ ಭದ್ರೆ ಸೇರಿ ಒಂದೇ ಹೊಳೆ ಆಗೋದನ್ನ ಮಕ್ಕಳು ಕಣ್ಣಲ್ಲೇ ನೋಡ್ಬಹುದು, ಆಮೇಲೆ ಹಂಪಿಗೆ ಹೋದಾಗ ಈ ನೀರೇ ಅಲ್ಲಿ ಹರೀತಿರೋದು ಅಂತ ಹೇಳಿ ನೋಡಿ, ಅವರ ಮುಖ ಹೇಗಾಗುತ್ತೆ ಅಂತ.

ಇನ್ನು ಶಿಕಾರಿಪುರ ತಾಲೂಕಿಗೆ ಬನ್ನಿ. ಶಿರಾಳಕೊಪ್ಪದ ಪಕ್ಕದಲ್ಲೇ ಬಳ್ಳಿಗಾವಿ, ಅಲ್ಲಮಪ್ರಭುವಿನ ಊರು. ಕಲ್ಯಾಣ ಚಾಲುಕ್ಯರ ಕಾಲಕ್ಕೆ ಬನವಾಸಿ ಸೀಮೆಗೇ ದೊಡ್ಡ ಪಟ್ಟಣ ಅದು. ಕೇದಾರೇಶ್ವರನ ಮೂರು ಶಿಖರ ಇರ್ಲಿ, ಊರೊಳಗೆ 1047ರಲ್ಲಿ ನಿಲ್ಲಿಸಿದ ಭೇರುಂಡೇಶ್ವರ ಕಂಬ ಇದೆ, ಅದರ ಮೇಲೆ ಮನುಷ್ಯನ ಮೈ, ಎರಡು ಹಕ್ಕಿ ತಲೆ ಇರೋ ಗಂಡಭೇರುಂಡ. ನಮ್ಮ ರಾಜ್ಯದ ಲಾಂಛನದಲ್ಲಿ ದಿನಾ ನೋಡ್ತೀವಲ್ಲ, ಅದೇ ಹಕ್ಕಿ, ಸಾವಿರ ವರ್ಷಕ್ಕೆ ಹತ್ರ ಹತ್ರ ಆಯ್ತು ಆ ಕಂಬಕ್ಕೆ. ಇನ್ನೊಂದು ದಿಕ್ಕಿಗೆ ಹೋದ್ರೆ ತಾಳಗುಂದ. ಮಯೂರಶರ್ಮ ಓದೋಕೆ ಅಂತ ಕಂಚಿಗೆ ಹೋಗಿ, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಗಿ, ಅವಮಾನ ತಡೀಲಾರದೆ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ ಕಥೆ ಸ್ಕೂಲಲ್ಲಿ ಓದಿದೀವಲ್ಲ, ಅದನ್ನ ಕುಬ್ಜ ಅನ್ನೋ ಕವಿ ಸಂಸ್ಕೃತದಲ್ಲಿ ಬರೆದು ಕೆತ್ತಿಸಿದ ಕಂಬ ಪ್ರಣವೇಶ್ವರ ಗುಡಿ ಎದುರು ಈಗ್ಲೂ ನಿಂತಿದೆ. ಕನ್ನಡದವರ ಮೊದಲ ರಾಜ್ಯ ಹುಟ್ಟಿದ ಕಥೆ ಅದು! ನಾನು ಹೋದಾಗೆಲ್ಲ ಅಲ್ಲಿ ಇರೋದು ನಾನು, ಮತ್ತೆ ಮೇಯ್ತಾ ಇರೋ ನಾಕು ದನ.

ಸಾಗರಕ್ಕೆ ಬಂದ್ರೆ ಈ ಕಡೆ ಇಕ್ಕೇರಿ, ಆ ಕಡೆ ಕೆಳದಿ, ಎರಡೂ ಹತ್ತು ಕಿಲೋಮೀಟರ್ ಒಳಗೇ. ಇಕ್ಕೇರಿ ಅಘೋರೇಶ್ವರನ ಗರ್ಭಗುಡಿ ಮುಂದೆ ನೆಲ ನೋಡ್ಕೊಂಡು ನಡೀರಿ. ಕೆಳದಿ ಅರಸರು ದೇವರಿಗೆ ಅಡ್ಡ ಬಿದ್ದಿರೋ ಹಾಗೆ ಮೂರು ಆಕೃತಿ ನೆಲದ ಕಲ್ಲಲ್ಲೇ ಕೆತ್ತಿದಾರೆ, ಬಂದ ಭಕ್ತರೆಲ್ಲ ತುಳಿದುಕೊಂಡೇ ಒಳಗೆ ಹೋಗ್ಲಿ ಅಂತ. ಆಳಿದ ರಾಜರು ಮಾರಾಯ್ರೆ! ಆ ಗುಡಿ ಕಂಬಗಳ ನಡುವಿನ ಅಂತರವೇ ಅಡಿಕೆ ತೋಟ ಅಳೆಯೋ ಕೋಲಿನ ಅಳತೆ ಆಗಿತ್ತು, 18 ಅಡಿ ಚಿಲ್ಲರೆ ಅಂತ ಹಳೇ ಗೆಜೆಟಿಯರಲ್ಲಿದೆ. ಅಡಿಕೆ ರೇಟ್ ಬಗ್ಗೆ ದಿನಾ ಬೆಳಿಗ್ಗೆ ಮಾತಾಡೋ ನಮ್ಮ ಜನ ಎಷ್ಟು ಮಂದಿ ಆ ಕಂಬ ನೋಡಿದಾರೆ?

ಒಂದ್ಸಲ ನಾನು ಅಲ್ಲಿದ್ದಾಗ ಶಾಲಾ ಮಕ್ಕಳ ಟೂರ್ ಬಸ್ ಬಂತು, ಎಲ್ಲಿಯ ಶಾಲೆ ಅಂತ ಹೇಳೋದು ಬೇಡ. ಒಬ್ಬ ಹುಡುಗಿ ಆ ನೆಲದ ಆಕೃತಿ ಹತ್ರ ಕುಕ್ಕರಗಾಲಲ್ಲಿ ಕೂತು "ಇವ್ರು ಯಾಕೆ ಇಲ್ಲಿ ಮಲಗಿದಾರೆ ಸಾರ್" ಅಂತ ಕೇಳಿದ್ಲು. ಮೇಷ್ಟ್ರು ಪೀಪಿ ಊದಿದ್ರು. ಹದಿನೈದು ನಿಮಿಷ ಆಗಿತ್ತಂತೆ, ಸಿಗಂದೂರು ಮುಗ್ಸಿ ರಾತ್ರಿಯೊಳಗೆ ಮುರುಡೇಶ್ವರ ಸೇರ್ಬೇಕಂತೆ. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ಆ ಪ್ರಶ್ನೆ ಕೇಳ್ಲಿ ಅಂತ ಅಲ್ವಾ ಟೂರ್ ಕರ್ಕೊಂಡು ಹೋಗೋದು? ಇಪ್ಪತ್ತು ಜಾಗದ ಹೆಸರು ಬಾಯಿಪಾಠ ಮಾಡ್ಸೋಕೆ ಬಸ್ಸು ಯಾಕೆ ಬೇಕು. ಕೆಳದಿಯಲ್ಲಿ ಆ ಮಗುಗೆ ಅಲ್ಲಿಯ ರಾಣಿ ಚೆನ್ನಮ್ಮನ ಕಥೆ ಹೇಳ್ಬಹುದಿತ್ತು, ಶಿವಾಜಿ ಮಗ ರಾಜಾರಾಮ ಆಶ್ರಯ ಕೇಳ್ಕೊಂಡು ಬಂದಾಗ ಔರಂಗಜೇಬನ ಸೈನ್ಯ ಬರುತ್ತೆ ಅಂತ ಗೊತ್ತಿದ್ರೂ ಇಲ್ಲ ಅನ್ನದೆ ಕಾಪಾಡಿದ ಹೆಣ್ಣುಮಗಳು ಅವಳು.

ಜೋಗ ನೋಡಿಯಾಗಿದೆ ಅಂದ್ರಲ್ಲ, ಯಾವ ತಿಂಗಳಲ್ಲಿ ನೋಡಿದ್ರಿ? 1964ರಲ್ಲಿ ಲಿಂಗನಮಕ್ಕಿ ಆಣೆಕಟ್ಟು ಆದ ಮೇಲೆ ರಾಜ, ರೋರರ್, ರಾಕೆಟ್, ರಾಣಿ ನಾಲ್ಕೂ ತುಂಬಿ ಬೀಳೋದು ಒಳ್ಳೆ ಮಳೆಗಾಲದಲ್ಲಿ, ಇಲ್ಲಾ ಗೇಟು ಎತ್ತಿದಾಗ. ಜನವರಿಯಲ್ಲಿ ಹೋದೋರು ಬಂಡೆ ನೋಡಿ ಬಂದಿರ್ತಾರೆ ಅಷ್ಟೇ. ಆ ಆಣೆಕಟ್ಟಿನ ಹಿನ್ನೀರಲ್ಲಿ ಊರು, ಗದ್ದೆ, ತೋಟ ಎಲ್ಲಾ ಮುಳುಗಿ ಎದ್ದು ಬಂದ ಕುಟುಂಬಗಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೀತಿದಾವೆ, ದ್ವೀಪದ ಹಾಗಾಗಿದ್ದ ತುಮರಿ ಕಡೆ ಜನ ದಶಕಗಟ್ಟಲೆ ಲಾಂಚ್ ಕಾದು ಕಾದು, ಕೊನೆಗೂ 2025ರ ಜುಲೈಯಲ್ಲಿ ಸೇತುವೆ ಓಪನ್ ಆಯ್ತು. ಈಗ ಸೇತುವೆ ಮೇಲೆ ಕಾರ್ ನಿಲ್ಸಿ ರೀಲ್ಸ್ ಮಾಡೋರಿಗೆ ಲೆಕ್ಕ ಇಲ್ಲ, ಕೆಳಗೆ ನೀರಲ್ಲಿ ಏನೇನು ಮುಳುಗಿದೆ ಅಂತ ಕೇಳೋರು ಒಬ್ಬರೂ ಇಲ್ಲ.

ಇದನ್ನ ಯಾಕೆ ಇಷ್ಟು ಎಳೀತಿದೀನಿ ಅಂದ್ರೆ, ಅದೇ ಶರಾವತಿ ಕಣಿವೆಯಲ್ಲಿ ತಲಕಳಲೆ ಮತ್ತೆ ಗೇರುಸೊಪ್ಪ ಜಲಾಶಯದ ಮಧ್ಯೆ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ (ಕೆಳಗಿನ ನೀರನ್ನ ಪಂಪ್ ಮಾಡಿ ಮೇಲಕ್ಕೆ ಹಾಕಿ, ಮತ್ತೆ ಕೆಳಗೆ ಬಿಟ್ಟು ಕರೆಂಟ್ ತೆಗೆಯೋದು) ಮಾಡ್ತೀವಿ ಅಂತ ಹೊರಟಿದಾರೆ, ಅದು ಸಿಂಗಳೀಕಗಳ ಅಭಯಾರಣ್ಯ. ಬೇಡ ಅಂತ ಕೂಗ್ತಿರೋದು ಅಲ್ಲಿಯ ರೈತರು, ಪರಿಸರದವರು, ಬೆರಳೆಣಿಕೆ ಜನ. ಉಳಿದ ಜಿಲ್ಲೆ ಸುಮ್ನಿದೆ. ಯಾಕೆ ಸುಮ್ನಿರಲ್ಲ ಹೇಳಿ, ಜೋಗದ ವ್ಯೂಪಾಯಿಂಟಲ್ಲಿ ಮೆಕ್ಕೆಜೋಳ ತಿಂದು ವಾಪಸ್ ಬಂದೋರಿಗೆ ಅದರ ಹಿಂದೆ ಒಂದು ಕಾಡಿದೆ ಅನ್ನೋದೇ ಗೊತ್ತಿಲ್ಲ. ಆ ಕಡೆ ಹೋಂಸ್ಟೇಗಳಲ್ಲಿ ರಾತ್ರಿ ಒಂದು ಗಂಟೆ ತನಕ ಡಿಜೆ, ಬೆಳಿಗ್ಗೆ ನೋಡಿದ್ರೆ ಹಳ್ಳದ ತುಂಬ ಬಾಟ್ಲಿ.

ಪ್ಲಾನ್ ಕೇಳಿದ್ರಿ, ತಗೊಳ್ಳಿ. ಮೊದಲ ದಿನ ನಿಮ್ಮೂರಿನ ಗುಡಿ, ಕೂಡ್ಲಿ. ಎರಡನೇ ದಿನ ಬಳ್ಳಿಗಾವಿ, ತಾಳಗುಂದ, ರಾತ್ರಿ ಸಾಗರ. ಮೂರನೇ ದಿನ ಪೂರ್ತಿ ಇಕ್ಕೇರಿ, ಕೆಳದಿ, ಕೆಳದಿ ಗುಡಿಯ ಮೇಲ್ಛಾವಣಿಯಲ್ಲೂ ಗಂಡಭೇರುಂಡ ಇದೆ, ಮಕ್ಕಳೇ ಹುಡುಕ್ಲಿ. ಗುಡಿಗಾರರು ಗಂಧದಲ್ಲಿ ಕೆತ್ತೋದನ್ನ ಸಂಜೆ ಸಾಗರದಲ್ಲೇ ನೋಡಿ. ನಾಲ್ಕನೇ ದಿನ ಜೋಗ, ತುಮರಿ. ಐದನೇ ದಿನ 1763ರಲ್ಲಿ ಹೈದರಾಲಿ ಕೈಗೆ ಸಿಕ್ಕಿದ ನಗರ (ಹಳೇ ಬಿದನೂರು), ಅಲ್ಲಿಂದ ಕವಲೇದುರ್ಗದ ಕೋಟೆ, ರಾತ್ರಿ ತೀರ್ಥಹಳ್ಳಿ. ಆರನೇ ದಿನ ಕುಪ್ಪಳಿಯಲ್ಲಿ ಕುವೆಂಪು ಅವರ ಕವಿಮನೆ, ಕವಿಶೈಲ ಮುಗ್ಸಿ ಮಂಡಗದ್ದೆ ಮೇಲೆ ಮನೆಗೆ. ಸಕ್ರೆಬೈಲು ಆನೆ ಬಿಡಾರವನ್ನ ಇದರಲ್ಲಿ ತುರುಕಬೇಡಿ, ಆನೆ ಸ್ನಾನ ಬೆಳಿಗ್ಗೆ ಮಾತ್ರ, ಅದಕ್ಕೊಂದು ಭಾನುವಾರ ಬೇರೆ ಇಟ್ಕೊಳ್ಳಿ. ಕವಲೇದುರ್ಗದ ಮೇಲೆ ಅಂಗಡಿ ಇಲ್ಲ, ಕುಡಿಯೋ ನೀರು ಕೆಳಗಿಂದಲೇ ಹೊತ್ಕೊಂಡು ಹೋಗಿ. ದಸರಾ ಹೊತ್ತಿಗೆ ಉಂಬಳ (ಜಿಗಣೆ) ಪೂರ್ತಿ ಹೋಗಿರಲ್ಲ, ಸುಣ್ಣ, ಹೊಗೆಸೊಪ್ಪು ಜೊತೆಗಿರ್ಲಿ, ಕಲ್ಲು ಜಾರುತ್ತೆ, ಮಕ್ಕಳಿಗೆ ಚಪ್ಪಲಿ ಬೇಡ, ಶೂ ಹಾಕ್ಸಿ.