ಡಿಪ್ರೆಶನ್ ಗುಳಿಗೆ ಜೊತೆ 5-ಎಚ್‌ಟಿಪಿ ಬೇಡ: ಜಿಮ್ ಗುಂಪಿನಲ್ಲಿ ಕೇಳಿದ ತಮ್ಮನಿಗೆ ಉತ್ತರ

ತಮ್ಮಾ, ನಿನ್ನ ಪ್ರಶ್ನೆ ಪೂರ್ತಿ ಓದಿದೆ. ಗಂಗಾವತಿಯಲ್ಲಿ ಸಂಜೆ ಏಳಕ್ಕೆ ಜಿಮ್ಮಿಗೆ ಹೋಗುತ್ತೀಯ. ಟ್ರೇನರ್ ಮಾತಿನ ಮೇಲೆ ಬಿಸಿಎಎ ಪುಡಿ (ಮೂರು ಅಮೈನೋ ಆಮ್ಲಗಳ ಮಿಶ್ರಣ), ಪ್ರೀ-ವರ್ಕೌಟ್ (ಕಸರತ್ತಿಗೆ ಮುಂಚೆ ಕುಡಿಯುವ ಪುಡಿ) ಎರಡೂ ಶುರು ಮಾಡಿದ್ದೀಯ. ಡಿಪ್ರೆಶನ್‌ಗೆ ಅಂತ ಡಾಕ್ಟರ್ ಬರೆದುಕೊಟ್ಟ ಎಸ್ಸಿಟಾಲೊಪ್ರಾಮ್ ಗುಳಿಗೆಯೂ ನಡೀತಾ ಇದೆ. ಆದರೂ ನಿದ್ದೆ ಇಲ್ಲ, ಮನಸ್ಸು ಮಂಕು. ಹಾಗಾಗಿ ಆನ್‌ಲೈನ್‌ನಲ್ಲಿ 5-ಎಚ್‌ಟಿಪಿ ತರಿಸಿದ್ದೀಯ. "ನ್ಯಾಚುರಲ್ ಅಂತ ಬರೆದಿದೆ, ಜೊತೆಗೇ ತಗೋಬಹುದಾ?" ಅಂತ ಕೇಳಿದ್ದೀಯ. ಕೆಳಗೆ ಇಬ್ಬರು "ಏನೂ ಆಗಲ್ಲ, ತಗೋ" ಅಂದಿದ್ದಾರೆ.

ತಗೋಬೇಡ. ಡಬ್ಬಿ ಒಡೆದಿಲ್ಲವಾದರೆ ವಾಪಸ್ ಕಳಿಸು. ನಾನು ಡಾಕ್ಟರ್ ಅಲ್ಲ, ಕೊಪ್ಪಳದಲ್ಲಿ ಫಾರ್ಮಸಿಸ್ಟ್. ಆದರೆ ಈ ವಿಷಯದಲ್ಲಿ ಸುಮ್ನೆ ಇರೋಕೆ ಆಗಲ್ಲ, ಅದಕ್ಕೇ ಉದ್ದವಾಗಿ ಬರೆಯುತ್ತಿದ್ದೇನೆ.

ಮೆದುಳಿನಲ್ಲಿ ಸೆರೊಟೋನಿನ್ ಅಂತ ಒಂದು ರಾಸಾಯನಿಕ ಇದೆ. ನಿದ್ದೆ, ಹಸಿವು, ಮನಸ್ಸಿನ ಸ್ಥಿತಿ ಎಲ್ಲದರಲ್ಲೂ ಅದರ ಕೈವಾಡ ಇದೆ. ದೇಹ ಅದನ್ನು ತಯಾರಿಸೋದು ಊಟದಲ್ಲಿ ಬರುವ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲದಿಂದ (ಪ್ರೋಟೀನ್ ಕಟ್ಟುವ ತುಣುಕುಗಳೇ ಅಮೈನೋ ಆಮ್ಲ). ಟ್ರಿಪ್ಟೊಫಾನ್ ಮೊದಲು 5-ಎಚ್‌ಟಿಪಿ ಆಗುತ್ತೆ, ಆಮೇಲೆ ಸೆರೊಟೋನಿನ್. ಮೊದಲ ಹಂತ ನಿಧಾನ, ಎಷ್ಟು ತಯಾರಾಗಬೇಕು ಅನ್ನೋದಕ್ಕೆ ದೇಹ ಕಡಿವಾಣ ಹಾಕೋದು ಅಲ್ಲೇ. 5-ಎಚ್‌ಟಿಪಿ ಕ್ಯಾಪ್ಸೂಲ್ ಆ ಕಡಿವಾಣವನ್ನೇ ದಾಟಿ ಹೋಗುತ್ತೆ. ಇತ್ತ ನಿನ್ನ ಎಸ್ಸಿಟಾಲೊಪ್ರಾಮ್, ಬಿಡುಗಡೆಯಾದ ಸೆರೊಟೋನಿನ್ ವಾಪಸ್ ಹೀರಿಕೊಳ್ಳದಂತೆ ತಡೆಯುತ್ತೆ. ಒಂದು ಕಡೆ ತಯಾರಿ ಜಾಸ್ತಿ, ಇನ್ನೊಂದು ಕಡೆ ಖಾಲಿಯಾಗುವ ದಾರಿ ಬಂದ್. ಸೆರೊಟೋನಿನ್ ಅತಿಯಾದರೆ ಸೆರೊಟೋನಿನ್ ಸಿಂಡ್ರೋಮ್ ಬರಬಹುದು. ಕೈ ನಡುಕ, ವಿಪರೀತ ಬೆವರು, ಎದೆ ಬಡಿತ, ಭೇದಿ, ಚಡಪಡಿಕೆ, ಸ್ನಾಯು ತಾನಾಗಿ ಅದುರುವುದು. ಜೋರಾದರೆ ಜ್ವರ ಏರಿ, ಎಚ್ಚರ ತಪ್ಪಿ, ಜೀವಕ್ಕೇ ಅಪಾಯ. ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ಶುರುವಾಗುತ್ತೆ. ನೀನು ಈಗಾಗಲೇ ತಗೊಂಡಿದ್ದು ಇಂಥದ್ದೇನಾದರೂ ಕಂಡರೆ ಗುಂಪಿನಲ್ಲಿ ಕೇಳುತ್ತಾ ಕೂರಬೇಡ. 108ಕ್ಕೆ ಫೋನ್ ಮಾಡು, ಗುಳಿಗೆ ಸ್ಟ್ರಿಪ್ಪು, ಡಬ್ಬಿ ಎರಡೂ ಜೊತೆಗೆ ತಗೊಂಡು ಹೋಗು.

ಇದೇ ಕಾರಣಕ್ಕೆ ಇನ್ನೂ ಎರಡು ಔಷಧದ ಮೇಲೆ ಕಣ್ಣಿರಲಿ. ಡೆಡ್‌ಲಿಫ್ಟ್ ಮಾಡಿ ಸೊಂಟ ಹಿಡಿದಾಗ ಟ್ರಾಮಡಾಲ್ ಇರುವ ನೋವಿನ ಗುಳಿಗೆ ನುಂಗುವವರಿದ್ದಾರೆ. ಒಣಕೆಮ್ಮಿನ ಎಷ್ಟೋ ಸಿರಪ್ಪುಗಳಲ್ಲಿ ಡೆಕ್ಸ್‌ಟ್ರೊಮೆಥಾರ್ಫಾನ್ ಇರುತ್ತೆ. ನಿನ್ನ ಗುಳಿಗೆ ಜೊತೆ ಇವೂ ಸೇರಬಾರದು. ಮೆಡಿಕಲ್‌ನಲ್ಲಿ ಏನೇ ಕೊಂಡರೂ "ನಾನು ಎಸ್ಸಿಟಾಲೊಪ್ರಾಮ್ ತಗೊಳ್ತಾ ಇದ್ದೀನಿ" ಅಂತ ಮೊದಲೇ ಹೇಳು. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

"ಟ್ರಿಪ್ಟೊಫಾನ್ ಊಟದಲ್ಲೇ ಇರೋದಲ್ವಾ, ಅದರಿಂದ ಏನು ತೊಂದರೆ" ಅಂತ ಇಲ್ಲಿ ಒಬ್ಬರು ಬರೆದಿದ್ದಾರೆ. ಪ್ರಮಾಣ ನೋಡಿ. 70 ಕೆಜಿ ತೂಕದವರಿಗೆ ದಿನಕ್ಕೆ ಬೇಕಾಗುವ ಟ್ರಿಪ್ಟೊಫಾನ್ ಸುಮಾರು 280 ಮಿಲಿಗ್ರಾಂ. ಅಷ್ಟು ಸಾದಾ ಊಟದಲ್ಲೇ ಬರುತ್ತೆ. ಒಂದು ಕ್ಯಾಪ್ಸೂಲಿನಲ್ಲೇ 500 ಮಿಲಿಗ್ರಾಂ ತುಂಬಿ ಮಾರುತ್ತಾರೆ. 1989ರಲ್ಲಿ ಅಮೆರಿಕದಲ್ಲಿ ಇದೇ ಟ್ರಿಪ್ಟೊಫಾನ್ ಗುಳಿಗೆ ತಗೊಂಡ 1500ಕ್ಕೂ ಹೆಚ್ಚು ಜನರಿಗೆ ಸಹಿಸಲಾಗದ ಸ್ನಾಯು ನೋವಿನ ಕಾಯಿಲೆ ಬಂತು, 30ಕ್ಕೂ ಹೆಚ್ಚು ಮಂದಿ ಸತ್ತರು. ಬಹುಪಾಲು ಪ್ರಕರಣಗಳ ಜಾಡು ಹಿಡಿದರೆ ಜಪಾನಿನ ಒಂದೇ ಕಂಪನಿಯ ಮಾಲಿಗೆ ಹೋಗಿ ಮುಟ್ಟಿತು. ಅದರಲ್ಲಿ ಕಲ್ಮಶಗಳು ಸಿಕ್ಕವು. ಅವರೂ ನಿದ್ದೆಗೆ, ಮನಸ್ಸಿನ ನೆಮ್ಮದಿಗೆ ಅಂತಲೇ ತಗೊಂಡವರು. ಇನ್ನು ಡಿಪ್ರೆಶನ್‌ಗೆ ಇವು ಕೆಲಸ ಮಾಡುತ್ತವಾ? ಟ್ರಿಪ್ಟೊಫಾನ್, 5-ಎಚ್‌ಟಿಪಿ ಮೇಲಿನ 108 ಪ್ರಯೋಗಗಳನ್ನು ಕಾಕ್ರೇನ್ (ವೈದ್ಯಕೀಯ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸುವ ಸಂಸ್ಥೆ) ಜಾಲಾಡಿದಾಗ ಗುಣಮಟ್ಟದಲ್ಲಿ ಪಾಸಾಗಿದ್ದು ಎರಡೇ, ಅದರಲ್ಲಿದ್ದವರು 64 ಜನ. ಅಷ್ಟನ್ನು ನಂಬಿ ನಿನ್ನ ತಲೆ ಒಡ್ಡಬೇಡ.

ಈಗ ಬಿಸಿಎಎ. ಅದರಲ್ಲಿರೋದು ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್. ರಕ್ತದಿಂದ ಮೆದುಳಿನ ಒಳಗೆ ಹೋಗಲು ಇವಕ್ಕೂ ಟ್ರಿಪ್ಟೊಫಾನ್‌ಗೂ ಒಂದೇ ಬಾಗಿಲು. ಜಾತ್ರೆ ದಿನ ಹುಲಿಗಿ ಬಸ್ಸಿನ ಬಾಗಿಲು ಇದ್ದ ಹಾಗೆ. ಮೂರು ಜನ ಗಟ್ಟಿಗರು ನುಗ್ಗಿದರೆ ಹಿಂದಿನವನು ಕೆಳಗೇ ಉಳಿಯುತ್ತಾನೆ. ಟ್ರಿಪ್ಟೊಫಾನ್ ಬಿಟ್ಟು ಉಳಿದ ಅಮೈನೋ ಆಮ್ಲಗಳನ್ನು ಕುಡಿಸಿ ನೋಡಿದ ಪ್ರಯೋಗಗಳಿವೆ. ಆರೋಗ್ಯವಾಗಿದ್ದ ಬಹಳಷ್ಟು ಜನಕ್ಕೆ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಡಿಪ್ರೆಶನ್‌ನಿಂದ ಚೇತರಿಸಿಕೊಂಡಿದ್ದ ಕೆಲವರಿಗೆ ಮಾತ್ರ ಕೆಲವೇ ಗಂಟೆಗಳಲ್ಲಿ ಮನಸ್ಸು ಮತ್ತೆ ಕುಗ್ಗಿತು. ಒಂದು ಸ್ಕೂಪ್ ಬಿಸಿಎಎ ಅಷ್ಟು ದೊಡ್ಡ ಡೋಸ್ ಅಲ್ಲ, ಗಾಬರಿ ಬೇಡ. ಆದರೆ ನಿನ್ನ ಸ್ಥಿತಿಯಲ್ಲಿ ಅದರಿಂದ ಲಾಭವೂ ಇಲ್ಲ. ನಿಲ್ಲಿಸಿಬಿಡು.

ನಮ್ಮ ಭಾಗದವರಿಗೆ ಈ ಲ್ಯೂಸಿನ್ ಹೊಸದೇನಲ್ಲ. ನಮ್ಮ ಜೋಳದಲ್ಲಿ ಅದು ಜಾಸ್ತಿ. ಹಿಂದೆ ಬರೀ ಜೋಳ ತಿಂದು, ಬೇಳೆ-ಹಾಲು ಕಾಣದ ಬಡವರಲ್ಲಿ ಪೆಲಾಗ್ರ ಕಾಣಿಸಿಕೊಳ್ಳುತ್ತಿತ್ತು. ಬಿಸಿಲು ಬೀಳುವ ಕುತ್ತಿಗೆ, ಕೈ ಮೇಲೆ ಚರ್ಮ ಕಪ್ಪಾಗಿ ಸುಲಿಯೋದು, ಭೇದಿ, ಜೊತೆಗೆ ಮನಸ್ಸು ಕುಗ್ಗೋದು. 1960ರ ದಶಕದಲ್ಲಿ ಹೈದರಾಬಾದಿನ ಪೋಷಣಾ ಸಂಶೋಧನಾ ಸಂಸ್ಥೆಯ ಡಾ. ಸಿ. ಗೋಪಾಲನ್ ಮತ್ತು ಅವರ ಜೊತೆಗಾರರು ಇದರ ಹಿಂದೆ ಬಿದ್ದರು. ಲ್ಯೂಸಿನ್ ಅತಿಯಾದರೆ, ಟ್ರಿಪ್ಟೊಫಾನ್‌ನಿಂದ ನಯಾಸಿನ್ (ಬಿ3 ವಿಟಮಿನ್, ಇದರ ಕೊರತೆಯಿಂದಲೇ ಪೆಲಾಗ್ರ ಬರೋದು) ಆಗುವ ಕೆಲಸ ಕೆಡುತ್ತೆ ಅಂತ ಹೇಳಿದರು. ಆ ವಾದದ ಮೇಲೆ ಆಮೇಲೆ ಚರ್ಚೆಯೂ ನಡೆದಿದೆ. ರೊಟ್ಟಿ ಜೊತೆ ಬೇಳೆ, ಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು ಇದ್ದರೆ ಹೆದರಬೇಕಾಗಿಲ್ಲ. ಜೋಳದಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಅಮೈನೋ ಆಮ್ಲ ಬೇಳೆಯಲ್ಲಿ ಸಿಗುತ್ತೆ. ನಮ್ಮ ಅಜ್ಜಿಯರ ತಾಟು ಈ ಲೆಕ್ಕದಲ್ಲಿ ಬಹಳ ಸರಿ ಇತ್ತು.

ನಿನ್ನ ನಿದ್ದೆ ಕೆಡಿಸುತ್ತಿರೋದು ಪ್ರೀ-ವರ್ಕೌಟ್ ಅನ್ನೋದು ನನ್ನ ಬಲವಾದ ಅನುಮಾನ. ಡಬ್ಬಿ ತಿರುಗಿಸಿ ಸಣ್ಣಕ್ಷರ ಓದು. ಒಂದು ಸ್ಕೂಪಿಗೆ ಕೆಫೀನ್ 200 ಮಿಲಿಗ್ರಾಂ ಇರೋದು ಮಾಮೂಲಿ, 300 ಇರೋದನ್ನೂ ನೋಡಿದ್ದೇನೆ. ಕುಡಿದ ಐದು ಗಂಟೆ ಆದ ಮೇಲೂ ಅದರಲ್ಲಿ ಹೆಚ್ಚುಕಮ್ಮಿ ಅರ್ಧ ರಕ್ತದಲ್ಲೇ ಇರುತ್ತೆ. ಸಂಜೆ ಏಳಕ್ಕೆ ಕುಡಿದವನಿಗೆ ಹನ್ನೆರಡಕ್ಕೆ ನಿದ್ದೆ ಎಲ್ಲಿಂದ ಬರಬೇಕು? ಅದೇ ಡಬ್ಬಿಯಲ್ಲಿ ಟೈರೋಸಿನ್ ಎಂಬ ಅಮೈನೋ ಆಮ್ಲ ಕೂಡ ಇರಬಹುದು. ದೇಹ ಅದರಿಂದ ಡೋಪಮಿನ್, ನಾರ್‌ಅಡ್ರಿನಲಿನ್, ಥೈರಾಯ್ಡ್ ಹಾರ್ಮೋನು ಮಾಡಿಕೊಳ್ಳುತ್ತೆ. ಥೈರಾಯ್ಡ್ ಗುಳಿಗೆ ತಗೊಳ್ಳುವವರು, ಪಾರ್ಕಿನ್ಸನ್‌ಗೆ ಲೆವೊಡೋಪಾ ತಗೊಳ್ಳುವವರು, ಬೈಪೋಲಾರ್ ಇರುವವರು ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಬಾರದು. ಗುಂಪಿನಲ್ಲಿರುವ ಹಿರಿಯರಿಗೂ ಒಂದು ಮಾತು. ಸ್ನಾಯು ಉಬ್ಬಿಸುತ್ತೆ ಅಂತ ಮಾರುವ "ಪಂಪ್" ಪುಡಿಗಳಲ್ಲಿ ಆರ್ಜಿನಿನ್ ಎಂಬ ಅಮೈನೋ ಆಮ್ಲ ಇರುತ್ತೆ. ಹಾರ್ಟ್ ಅಟ್ಯಾಕ್ ಆದವರಿಗೆ ಅದನ್ನು ಕೊಟ್ಟು ನೋಡಿದ ಒಂದು ಅಮೆರಿಕನ್ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. ಆರ್ಜಿನಿನ್ ಕೊಟ್ಟವರಲ್ಲಿ ಆರು ಜನ ಸತ್ತಿದ್ದರು, ಹೋಲಿಕೆಗೆ ಅಂತ ಔಷಧವಿಲ್ಲದ ಸಪ್ಪೆ ಗುಳಿಗೆ ಕೊಟ್ಟವರಲ್ಲಿ ಯಾರೂ ಇಲ್ಲ. 2006ರಲ್ಲಿ ಅದು ಪ್ರಕಟವಾಯಿತು.

ಪ್ರೋಟೀನ್ ಲೆಕ್ಕ ಚುಟುಕಾಗಿ ಹೇಳುತ್ತೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪ್ರಕಾರ ಒಂದು ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಸಾಕು, ಭಾರ ಎತ್ತುವವರಿಗೆ ಸ್ವಲ್ಪ ಜಾಸ್ತಿ ಬೇಕು. 200 ಗ್ರಾಂ ಜೋಳದ ಹಿಟ್ಟಿನ ರೊಟ್ಟಿ 20 ಗ್ರಾಂ, ಎರಡು ಹಿಡಿ ಬೇಳೆ-ಕಾಳು 13-14, ಒಂದು ಹಿಡಿ ಶೇಂಗಾ 7, ಅರ್ಧ ಲೀಟರ್ ಹಾಲು-ಮೊಸರು 16, ಮೂರು ಮೊಟ್ಟೆ 18. ಎಪ್ಪತ್ತು ದಾಟಿತಲ್ವಾ? 2024ರಲ್ಲಿ ಐಸಿಎಂಆರ್ ಮತ್ತು ಅದರ ಹೈದರಾಬಾದಿನ ಪೋಷಣಾ ಸಂಸ್ಥೆ (ಎನ್‌ಐಎನ್) ಕೊಟ್ಟ ಆಹಾರ ಸೂಚಿಯೂ ಮೈಕಟ್ಟಿಗಾಗಿ ಪ್ರೋಟೀನ್ ಪುಡಿ ಬೇಡ ಅಂತಲೇ ಹೇಳಿದೆ.

ಇನ್ನು ನೀನು ಮಾಡಬೇಕಾದ್ದು. ಎಸ್ಸಿಟಾಲೊಪ್ರಾಮ್ ಅನ್ನು ನೀನಾಗಿ ನಿಲ್ಲಿಸಬೇಡ. ಏಕಾಏಕಿ ಬಿಟ್ಟರೆ ತಲೆಸುತ್ತು, ಸಿಡಿಮಿಡಿ, ನಿದ್ದೆಗೇಡು ಇನ್ನೂ ಹೆಚ್ಚುತ್ತೆ. ಅದು ಪೂರ್ತಿ ಕೆಲಸ ಮಾಡಲು ಕೆಲವು ವಾರ ಬೇಕು. ಶುರುವಿನಲ್ಲಿ ಆ ಗುಳಿಗೆಯಿಂದಲೂ ಕೆಲವರಿಗೆ ನಿದ್ದೆ ಕೆಡುತ್ತೆ. ಬೆಳಿಗ್ಗೆ ತಗೋಬಹುದಾ ಅಂತ ಡಾಕ್ಟರನ್ನು ಕೇಳು. ಪ್ರೀ-ವರ್ಕೌಟ್, ಬಿಸಿಎಎ ಡಬ್ಬಿಗಳನ್ನು ಒಯ್ದು ತೋರಿಸು. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ಟೆಸ್ಟ್ ಆಗಿಲ್ಲದಿದ್ದರೆ ಮಾಡಿಸಲಾ ಅಂತಲೂ ಕೇಳು. ಇವು ಕಡಿಮೆಯಾದರೂ ಮನಸ್ಸು ಮಂಕಾಗುತ್ತೆ.

ಮನಸ್ಸಿನ ಕಾಯಿಲೆಗೆ ಬೆಂಗಳೂರಿಗೇ ಹೋಗಬೇಕು ಅಂತ ಒಬ್ಬರು ಬರೆದಿದ್ದಾರೆ. ಹಾಗೇನಿಲ್ಲ. ಜಿಲ್ಲೆಯಲ್ಲೇ ಮಾನಸಿಕ ಚಿಕಿತ್ಸೆ ಕೊಡುವ ಮಾದರಿಯನ್ನು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಕಟ್ಟಿದ್ದೇ ನಮ್ಮ ಪಕ್ಕದ ಬಳ್ಳಾರಿಯಲ್ಲಿ. ಆಮೇಲೆ ಅದು ದೇಶಕ್ಕೆಲ್ಲ ಹೋಯಿತು. ಕೊಪ್ಪಳ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸು. ರಾತ್ರಿ ಹೊತ್ತು ಮನಸ್ಸು ತೀರಾ ಕೆಟ್ಟರೆ, ಬದುಕು ಬೇಡ ಅನ್ನಿಸಿದರೆ, ಆ ಕ್ಷಣವೇ ಸರ್ಕಾರದ ಮಾನಸಿಕ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಇರುತ್ತಾರೆ. ಮನೆಯಲ್ಲಿ ಒಬ್ಬರಿಗಾದರೂ ವಿಷಯ ಹೇಳಿಡು.

ಪ್ರೀ-ವರ್ಕೌಟ್ ಡಬ್ಬಿ ಹಿಂಭಾಗದ ಫೋಟೋ ಇಲ್ಲಿ ಹಾಕು. ಸಾಲು ಸಾಲು ಓದಿ ಯಾವುದರಲ್ಲಿ ಏನಿದೆ ಅಂತ ನಾಳೆ ಬರೆಯುತ್ತೇನೆ.